ಕಡ್ಡಿಗೆ ಇನ್ನೊಂದು ಸುತ್ತು

ಒಂಬತ್ತನೆಯ ದಿನ.
ನಾರುಹುಣ್ಣಿನ ಬಿಳಿ ಎಳೆ, ಕಡ್ಡಿಗೆ ಇನ್ನೊಂದೇ ಸುತ್ತು.
ಜಗ್ಗಿದರೆ ಹರಿಯುತ್ತದೆ, ಹರಿದರೆ ಒಳಗೇ ಕೊಳೆಯುತ್ತದೆ.
ಸುಮ್ಮನಿರು ನಾಯಿಯೇ,
ನನಗೂ ಅವಸರವಿಲ್ಲ ಅಂತ ಸುಳ್ಳು ಹೇಳುತ್ತೇನೆ.

ಶಾರಿ ನದಿ ಈ ತಿಂಗಳು ಮೊಣಕಾಲುದ್ದ.
ಎಂಬಾಯ್ಲಾವ್ ಮೀನಿನ ಕರುಳನ್ನು ಹೂಳದೆ
ದಂಡೆಗೇ ಎಸೆದಿದ್ದಾನೆ. ಕೇಳಿದರೆ,
"ಡಾಕ್ಟರಮ್ಮ, ನಾಯಿಗೂ ಹಬ್ಬ ಬೇಡವೇ?"
ಬೈಯಬೇಕಿತ್ತು. ನಕ್ಕುಬಿಟ್ಟೆ.
ವಹಿಯಲ್ಲಿ ಬರೆದದ್ದು ಇಷ್ಟೇ: ಕರುಳು, ಹೂತಿಲ್ಲ, ಮೂರು ಮನೆ.

ಅಕ್ಕ ನೆಲೂಮ್ತಾಗೆ ಹನ್ನೊಂದು ವರ್ಷ,
ಪಾದದಿಂದ ಬಿಳಿ ನೂಲು ಇಣುಕಿದಾಗ
ಅಜ್ಜ ಒಂದೇ ಎಳೆತಕ್ಕೆ ಕಿತ್ತ.
ಅರ್ಧ ಬಂತು.
ಉಳಿದರ್ಧ ಅವಳ ಹಿಮ್ಮಡಿಯಲ್ಲಿ ಕಲ್ಲಾಗಿ ಕೂತಿದೆ;
ಜೋಳ ಕುಟ್ಟುವಾಗ ಒಂಟಿಕಾಲಲ್ಲಿ ನಿಲ್ಲುತ್ತಾಳೆ, ಕೊಕ್ಕರೆ ಹಾಗೆ.
ಈ ಓದೇ ಯಾಕೆ ಅಂತ ಕೇಳಿದವರಿಗೆ
ಅದನ್ನು ಹೇಳುವುದಿಲ್ಲ.
ಸೂಕ್ಷ್ಮದರ್ಶಕ ಇಷ್ಟ ಅನ್ನುತ್ತೇನೆ.

ಅದೂ ಸುಳ್ಳಲ್ಲ.
ರಾತ್ರಿ ದೀಪದಡಿ ಒಂದು ಹನಿ ನದಿ:
ನೀರುಚಿಗಟ ಈಜುತ್ತಿದೆ, ಅದರ ಹೊಟ್ಟೆಯಲ್ಲಿ
ಇನ್ನೂ ಯಾರ ಕಾಲನ್ನೂ ಹುಡುಕದ ಮರಿ, ಸುರುಳಿ ಸುತ್ತಿ.
ಚೆಂದವಿದೆ. ಹಾಗನ್ನಬಾರದು, ಆದರೂ ಚೆಂದವಿದೆ.

ನಮ್ಮ ದಂಡೆಯಲ್ಲಿ ಈ ವರ್ಷ ಮನುಷ್ಯರು ಯಾರೂ ಇಲ್ಲ.
ನಾಯಿಗಳು ನಾಲ್ಕು.
ಹಣ ಕೊಡುವವರ ಪತ್ರ: ನಾಲ್ಕು ನಾಯಿಗೆ ಇಷ್ಟು ಪೆಟ್ರೋಲೇ?
ಕೊನೆಯದರ ಮನೆಯೇ ಎಲ್ಲಕ್ಕಿಂತ ದೂರ, ಎಂದು ಬರೆದೆ,
ಹೊಡೆದುಹಾಕಿದೆ,
ಅಂಕಿಅಂಶ ತುಂಬಿ ಸಭ್ಯವಾಗಿ ಮತ್ತೆ ಬರೆದೆ.

ಹತ್ತನೆಯ ದಿನ.
ಹೆಜ್ಜೆಸದ್ದಿಗೇ ನಾಯಿ ತಾನಾಗಿ ಕಾಲು ಚಾಚುತ್ತದೆ.
ಎರಡು ಬೆರಳಗಲ ಬಂತು.
ಕಡ್ಡಿಯನ್ನು ಬ್ಯಾಂಡೇಜಿನೊಳಗೆ ಸಿಕ್ಕಿಸಿ
ಹಗ್ಗದ ಗಂಟು ಇನ್ನೊಮ್ಮೆ ನೋಡಿ ಎದ್ದೆ.