ಬೀಗದಕೈ

ಐದು ಲಿಂಗ ನೋಡಲು ಬಂದವನಿಗೆ
ಕಂಡದ್ದು ಒಂದು ಬೀಗ.
"ಕುಂತ್ಕಳಿ, ಚಿಕ್ಕತಾಯಮ್ಮ ಮೇವಿಗೋಗವ್ಳೆ, ಬತ್ತಾಳೆ"
ಎಂದ ಹುಡುಗ
ಟಯರು ಉರುಳಿಸುತ್ತ ಹೋದ.

ಗೋವಿಂದನಹಳ್ಳಿಯ ಮಧ್ಯಾಹ್ನ.
ಕೋಳಿಯೊಂದು ಜಗಲಿ ಹತ್ತಿ ಇಳಿಯಿತು
ಯಾರು ಕಟ್ಟಿಸಿದ್ದೆಂದು ಕೇಳದೆ.
ನನ್ನ ಕೈಯ ಪುಸ್ತಕದಲ್ಲಿ
ದೊರೆಯ ಹೆಸರಿತ್ತು, ಶಿಲ್ಪಿಯ ಹೆಸರೂ ಇತ್ತು,
ಬೀಗದಕೈ ಯಾರ ಮನೆಯಲ್ಲೆಂದು ಇರಲಿಲ್ಲ.

ಬಂದಳು. ಹುಲ್ಲಿನ ಹೊರೆ ಕೆಡವಿ
ಸೊಂಟದಿಂದ ತೆಗೆದು ಕೊಟ್ಟಳು, ನೀವೇ ತೆಗೀರಿ ಅಂತ.
ಮೈಯ ಬಿಸಿ ಇನ್ನೂ ಇತ್ತು ಕಬ್ಬಿಣದಲ್ಲಿ.

ಒಳಗೆ ಕತ್ತಲು, ಬಾವಲಿ ವಾಸನೆ.
ಐದೂ ಬಾಗಿಲಲ್ಲಿ ನಿಂತೆ,
ಏನೂ ಬೇಡಿಕೊಳ್ಳಲು ತೋಚಲಿಲ್ಲ.

ಹೊರಟಾಗ ಕೇಳಿದಳು:
"ನಿಮ್ಮೂರಲ್ಲಿ ಇಂತದ್ದಿಲ್ವಾ?"
ಇದೆ, ಅಂದೆ.

ಇದೆಯೋ ಏನೋ.
ಬೀಗದಕೈ ಎಂದೂ ಕೇಳಿದವನಲ್ಲ ನಾನು.