ಎಂಬತ್ತೇಳನೇ ಪುಟ

ಪಾಂಡವಪುರದಿಂದ ಎರಡು ಮೈಲಿ, ನಾಲೆಯ ಏರಿ ಇಳಿದರೆ ನಮ್ಮ ಶಾಲೆ.
ಗ್ರಂಥಾಲಯ ಅಂದರೆ
ಬಿಸಿಯೂಟದ ಉಗ್ರಾಣದಲ್ಲೇ ಒಂದು ಕಬ್ಬಿಣದ ಬೀರು.
ತೊಗರಿಬೇಳೆ ವಾಸನೆ ಹೊತ್ತ ಇನ್ನೂರ ಹನ್ನೆರಡು ಪುಸ್ತಕ.
ಹಿಂದಿ ಪಾಠ ಮಾಡುವ ನನ್ನ ಸೊಂಟದಲ್ಲಿ ಅದರ ಬೀಗದ ಕೈ.

ದೂರು ಬಂದದ್ದು ಶ್ರಾವಣದಲ್ಲಿ.
ನೀಲಿ ರಟ್ಟಿನ ಕಾದಂಬರಿ, ಹದಿಹರೆಯದವರಿಗೆಂದೇ ಬರೆದದ್ದು,
ಅದರ ಎಂಬತ್ತೇಳನೇ ಪುಟ.
ತಂದವರು ನೀರುಗಂಟಿ ಜವರಯ್ಯ.
ತೂಬಿನ ಕೆಸರು ಇನ್ನೂ ಒಣಗದ ಕಾಲು,
ಚಪ್ಪಲಿ ಹೊಸ್ತಿಲಾಚೆ.
"ತಪ್ಪು ತಿಳೀಬ್ಯಾಡಿ ಮೇಡಮ್ಮೋರೆ,
ನಾನು ಕಲ್ತಿರೋದು ಏಳ್ನೇ ಕ್ಲಾಸು. ಬೆರಳಿಟ್ಕೊಂಡು ಓದ್ದೆ.
ಇದು ಮಕ್ಳು ಓದೋ ಮಾತಾ?"
ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.
ಒಂದು ಇಡೀ ಪುಟವನ್ನು ಬೆರಳಿಟ್ಟು ಓದಿದ ಮನುಷ್ಯ
ಆಮೇಲೆ ನಡೆದ ಸಭೆಯಲ್ಲಿ ಇನ್ನೊಬ್ಬ ಇರಲಿಲ್ಲ.

ಆ ಪುಟದಲ್ಲಿ ಇರುವುದು ಇಷ್ಟು:
ಹದಿಮೂರರ ಹುಡುಗಿ ಹುಣಿಸೆಹಣ್ಣು ಕಿವುಚುತ್ತಾ
ತಾಯಿಗೆ ಹೇಳುತ್ತಾಳೆ,
ಆ ಮಾವ ಬಂದಾಗ ನನ್ನೊಬ್ಬಳನ್ನೇ ಮನೆಯಲ್ಲಿ ಬಿಡಬೇಡ.
ಯಾಕೆ ಎಂದು ತಾಯಿ ಕೇಳುವುದಿಲ್ಲ.
ಆದರೂ ಹೇಳುತ್ತಾಳೆ, ನಾಲ್ಕೇ ಸಾಲು.
ಪುಟ ಮುಗಿಯುತ್ತದೆ.
ಹಾಳೆ ಮಗುಚಿದರೆ
ತಾಯಿ ಒಲೆ ಆರಿಸುತ್ತಾಳೆ, ಕೂರುತ್ತಾಳೆ, ನಂಬುತ್ತಾಳೆ.
ಎಂಬತ್ತೆಂಟರ ಫೋಟೊ ಯಾರೂ ತೆಗೆದಿರಲಿಲ್ಲ.

ಶನಿವಾರ ಸಭೆ. ಕಾಫಿ, ಕೋಡುಬಳೆ.
ಎಂಬತ್ತೇಳು ಎಲ್ಲರ ಫೋನಿನಲ್ಲಿ,
ಪಂಚಾಯ್ತಿ ಗುಂಪಿನಲ್ಲಿ, ಹಾಲಿನ ಡೈರಿ ಗುಂಪಿನಲ್ಲಿ,
ಯಾರದೋ ಬೆರಳು ಎಳೆದ ಸೊಟ್ಟ ಕೆಂಪು ಗೆರೆಯ ಸಮೇತ.
ಅಧ್ಯಕ್ಷ ಬೋರಲಿಂಗೇಗೌಡರು ಕನ್ನಡಕ ಒರೆಸಿ ಒರೆಸಿ
"ಇದ್ದದ್ದೇ ಇರಬೌದು. ಬರ್ಯೋದ್ಯಾಕೆ?" ಅಂದರು.
ಆ ಮಾತು ಕೋಡುಬಳೆ ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಿತ್ತು.
ಯಾರೂ ಎತ್ತಿಕೊಳ್ಳಲಿಲ್ಲ.

ನಿವೃತ್ತಿಗೆ ಎಂಟು ತಿಂಗಳಿದ್ದ ಹೆಡ್ಮಾಸ್ಟರು ನನ್ನತ್ತ ತಿರುಗಿ,
"ಯಾರ್ಯಾರು ಓದಿದ್ದಾರೆ? ಪಟ್ಟಿ ಕೊಡಿ,
ಮನೆಯವರಿಗೆ ತಿಳಿಸೋಣ."

ಪಟ್ಟಿ ಇತ್ತು.
ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ, ನನ್ನದೇ ಅಕ್ಷರ:
ಹರ್ಷಿಣಿ, ಎಂಟನೇ ಬಿ. ನೂರ್ ಅಫ್ಶಾ, ಒಂಬತ್ತು.
ಆಮೇಲೆ ಬಿಂದುಶ್ರೀ. ಬಿಂದುಶ್ರೀ. ಬಿಂದುಶ್ರೀ.
ಜೂನ್ ಹತ್ತು, ಜೂನ್ ಇಪ್ಪತ್ತನಾಲ್ಕು, ಜುಲೈ ಎಂಟು.
ಮೂರನೇ ಸಲ ನಾನು ನಕ್ಕಿದ್ದೆ, "ಬಾಯಿಪಾಠ ಮಾಡ್ತಿದೀಯೇನೆ?"
ಅವಳೂ ನಕ್ಕಿದ್ದಳು, ತುಟಿಯಲ್ಲಿ ಮಾತ್ರ.

ಹಿಂದಿನ ಸಂಜೆಯೇ ಒದ್ದೆ ಬಟ್ಟೆ ಒತ್ತಿ
ಆ ಚೀಟಿಯನ್ನು ಬಿಡಿಸಿದ್ದೆ,
ಕೆನೆ ಎತ್ತುವ ಹಾಗೆ, ಹರಿಯದ ಹಾಗೆ.
ಕುರ್ಚಿ ಕೆಳಗಿನ ನನ್ನ ಊಟದ ಡಬ್ಬಿಯೊಳಗೆ ಅದು ಮಡಚಿಕೊಂಡಿತ್ತು.
"ಯಾರೂ ಓದಿಲ್ಲ ಸಾರ್," ಅಂದೆ.
ಒಂದು ಪುಸ್ತಕದ ಬಗ್ಗೆ ಇದಕ್ಕಿಂತ ಕೆಟ್ಟ ಮಾತು
ನಾನು ಈವರೆಗೆ ಆಡಿಲ್ಲ.
ಎಲ್ಲರಿಗೂ ಸಮಾಧಾನವಾಯಿತು.
ನೀಲಿ ರಟ್ಟು ಕಂದು ಲಕೋಟೆಗೆ, ಲಕೋಟೆ ಬಿಇಓ ಆಫೀಸಿಗೆ.

ಜವರಯ್ಯ ಹೊರಗೆ ಒಂದು ಚಪ್ಪಲಿ ಮೆಟ್ಟಿ ನಿಂತುಬಿಟ್ಟರು.
"ಮುಂದ್ಕೆ ಏನಾಯ್ತದೆ, ಆ ಮಗೀಗೆ?"
ಹೇಳಿದೆ, ಒಲೆ ಆರಿಸಿದ್ದನ್ನು.
ನಾಲೆಯ ಕಡೆ ನೋಡುತ್ತಾ "ಹೂಂ" ಅಂದರು,
ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ "ಹೂಂ."
ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಹೋದರು.

ಸೋಮವಾರ ಬೀರುವಿನಲ್ಲಿ ಇನ್ನೂರ ಹನ್ನೊಂದು.
ನೀಲಿ ಇದ್ದ ಜಾಗಕ್ಕೆ ಪಕ್ಕದ ನಿಘಂಟು ವಾಲಿಕೊಂಡಿದೆ.
ಎಲ್ಲರೂ ತಟ್ಟೆ ತೊಳೆಯಲು ಹೋದ ಮೇಲೆ
ಬಿಂದುಶ್ರೀ ಬಂದಳು, ಒದ್ದೆ ಕೈ, ದುಪಟ್ಟಾದಲ್ಲೊಂದು ಅನ್ನದ ಅಗುಳು.
"ಇಲ್ವಾ ಮಿಸ್?"
ಇಲ್ಲ, ಅಂದೆ.
ಹೊರಟಳು.

ಜೂನ್ ಹತ್ತರಂದೇ ಕೇಳಬೇಕಿತ್ತು ನಾನು.
ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟೆ.
ಇನ್ನೊಂದು ಕುರ್ಚಿಯಿಂದ
ಬೇಳೆ ಮೂಟೆಯನ್ನು ಕೆಳಗಿಳಿಸಿ
"ಬಿಂದು," ಅಂದೆ,
"ಕೂತ್ಕೊ."