ಹುಣಸೆ ಬೀಜ

ಹೊಸೂರು ರಸ್ತೆಯ ಮಗ್ಗುಲಿಗೆ ಎರಡು ದೊಡ್ಡಾಸ್ಪತ್ರೆ,
ಒಂದು ತಲೆಗೆ, ಒಂದು ಗಡ್ಡೆಗೆ.
ಅಕ್ಕಪಕ್ಕ. ನಡುವೆ ಎಷ್ಟು ದೂರ ಅಂತ
ಯಾರಾದರೂ ಕೇಳಿದರೆ ಹೇಳಬಲ್ಲೆ:
ಹದಿನಾಲ್ಕು ತಿಂಗಳು.

ಲಚ್ಚಕ್ಕನಿಗೆ ಇಪ್ಪತ್ತಾರು ವರ್ಷದಿಂದ ಮೊದಲನೆಯದರಲ್ಲಿ ಫೈಲು.
ಕಂಡಕ್ಟರು 'ಯಾರ್ರೀ ಆಸ್ಪತ್ರೆ' ಅಂದಾಗ
ನಾನು ಬಗ್ಗಿ ಚಪ್ಪಲಿ ನೋಡಿಕೊಳ್ಳುತ್ತಿದ್ದೆ;
ಅವಳೇ ಎದ್ದು 'ನಾವು' ಅನ್ನೋಳು.

ಅವಳ ಮಾತೆಲ್ಲ ಒಂದೇ ದನಿಯಲ್ಲಿ ಬರುತ್ತಿತ್ತು.
ಪಕ್ಕದ ಮನೆಯವರು ಕಾವೇರಿ ನಲ್ಲಿಗೆ ಸೀಸ ಕಾಸಿ ಹುಯ್ಯುತ್ತಾರೆ.
ವಾರ್ತೆ ಓದುವವನು ಉಸಿರು ತಗೊಳ್ಳುವ ಜಾಗದಲ್ಲಿ
ನನ್ನ ಹೆಸರಿದೆ.
ಕಂಕುಳ ಕೆಳಗೆ ಒಂದು ಹುಣಸೆ ಬೀಜ ಇದೆ.

ಮೂರನ್ನೂ ಒಂದೇ ಗೂಟಕ್ಕೆ ನೇತುಹಾಕಿದೆವು.
'ಹೂಂ ಕಣಕ್ಕ' ಅಂದೆ. ಮಾತ್ರೆ ತಗೊಂಡೆಯಾ ಅಂದೆ.
ಬೀದಿ ಕೊನೆಯ ಕ್ಲಿನಿಕ್ಕಿನವರು ಚೀಟಿಯಲ್ಲಿ
ಆ ಮಾತ್ರೆಯ ಹೆಸರು ಕಂಡೊಡನೆ
ಸ್ಟೆತಾಸ್ಕೋಪು ಕಿವಿಯಿಂದ ತೆಗೆದು
ನನ್ನ ಕಡೆ ತಿರುಗಿದರು, ಅವಳ ಕಡೆ ಅಲ್ಲ:
'ರಾತ್ರಿ ನಿದ್ದೆ ಮಾಡ್ತಾರಾ?'

ಇನ್ನೊಂದಿದೆ, ಹೇಳಬೇಕು.
ಕಾರ್ಪೊರೇಷನ್ ಶಾಲೆ ಮುಂದೆ ತಪಾಸಣೆ ವ್ಯಾನು ಬಂದಿತ್ತು,
ನಲವತ್ತು ದಾಟಿದ ಹೆಂಗಸರಿಗೆ ಪುಕ್ಕಟೆ.
ಹೆಂಡತಿಯ ಹೆಸರು ಬರೆಸಿದೆ, ಅತ್ತೆಯದೂ.
'ಮನೇಲಿ ಇನ್ಯಾರಾದರೂ?'
ಆ ಹುಡುಗಿ ಪೆನ್ನು ಎತ್ತಿಯೇ ಕೂತಿದ್ದಳು.
'ಇದ್ದಾರೆ. ಅವರು ಬೇಡ, ಗಲಾಟೆ ಮಾಡ್ತಾರೆ.'
ಮಾಡಿರಲಿಲ್ಲ, ಆರು ವರ್ಷದಿಂದ.

ಈಗ ಎರಡನೆಯದರಲ್ಲೂ ಫೈಲು.
ಎದುರುಮನೆ ಬೈಲಮ್ಮ ಅಂತಾರೆ, ಚಿಂತೆ ಮಾಡಿ ಮಾಡಿ ಬರಿಸ್ಕೊಂಡ್ಲು.
ಡಾಕ್ಟರಮ್ಮನನ್ನು ಕೇಳಿದೆ,
ನಿಜವಾ, ತಲೆಯದು ಎದೆಗೆ ಇಳಿಯುತ್ತಾ?
ಆಕೆ ಕೈ ತೊಳೆಯುತ್ತಲೇ ಅಂದರು:
'ಅಷ್ಟು ಸುಲಭಕ್ಕೆ ಹೇಳಕ್ಕಾಗಲ್ಲ. ನಾನು ನೋಡಿರೋದು ಒಂದೇ,
ಇಂಥವರು ನಮ್ಮ ಹತ್ರ ತಡವಾಗಿ ಬರ್ತಾರೆ.'
ಬರ್ತಾರೆ ಅಂದರು. ತಡವಾಗಿ ಕರ್ಕೊಂಡು ಬರ್ತೀರಿ ಅನ್ನಲಿಲ್ಲ.
ಅದು ಅವರ ದೊಡ್ಡತನ.

'ಯಾವಾಗಿಂದ ಇದೆ?'
ಎರಡು ತಿಂಗಳು, ಅಂದೆ ನಾನು.
ಅಕ್ಕ ಚೀಲದಿಂದ ಪುಸ್ತಕ ತೆಗೆದಳು,
ನಾನೇ ಬೈಂಡಿಂಗ್ ಅಂಗಡಿಯ ಉಳಿಕೆ ಹಾಳೆ ಹೊಲಿದು ಕೊಟ್ಟಿದ್ದು.
ಪೊಲೀಸರಿಗೆ ಸಾಕ್ಷಿ ಬೇಕಾಗುತ್ತೆ ಅಂತ ದಿನಾ ಬರೆಯೋಳು.
ಸೀಸ, ಸೀಸ, ರೇಡಿಯೋ, ಸೀಸ.
ನಡುವೆ, ತಾರೀಖಿನ ಸಮೇತ,
ಹುಣಸೆ ಬೀಜ. ನೋವಿಲ್ಲ. ಒತ್ತಿದರೆ ಜರುಗಲ್ಲ.
ಆಮೇಲೆ, ಗೋಡಂಬಿಯಷ್ಟು.
ಯುಗಾದಿ ಹಿಂದಿನ ದಿನ, ಮುನಿಕೆಂಪನಿಗೆ ಮೂರು ಸಲ ಹೇಳಿದೆ.
ಅಷ್ಟೇ. ಬೈಗುಳವಿಲ್ಲ.

ಡಾಕ್ಟರಮ್ಮ ಆ ಪುಟಗಳ ಫೋಟೋ ತೆಗೆದುಕೊಂಡು
'ಇಷ್ಟು ಚೆನ್ನಾಗಿ ಯಾರೂ ಬರೆದು ತರಲ್ಲ' ಅಂದರು.
ಅಕ್ಕ ನನ್ನ ಕಡೆ ನೋಡಲೇ ಇಲ್ಲ,
ಸೀಸದ ಪುಟಗಳನ್ನೂ ತೆಗೀರಿ, ಅಂದಳು.

ನಿನ್ನೆ ನೀರು ಬಿಟ್ಟಾಗ, ಬೆಳಗಿನ ನಾಲ್ಕೂವರೆ,
ಬೋಳು ತಲೆಗೆ ಟವೆಲು ಸುತ್ತಿ ನಲ್ಲಿ ಮುಂದೆ ನಿಂತು ಕರೆದಳು.
'ವಾಸನೆ ನೋಡು.'
ಹೂಂ ಕಣಕ್ಕ, ಅನ್ನಲು ಬಾಯಿ ತೆರೆದವನು
ಕುಕ್ಕರುಗಾಲಲ್ಲಿ ಕೂತೆ, ಬೊಗಸೆ ಒಡ್ಡಿದೆ,
ಮೂಗಿನ ತನಕ ತಂದೆ.
'ಬ್ಲೀಚಿಂಗ್ ಪೌಡರಕ್ಕ. ಸೀಸ ಅಲ್ಲ.'
'ಸರಿಯಾಗಿ ನೋಡು' ಅಂದಳು.

ಇನ್ನೊಂದು ಬೊಗಸೆ ಹಿಡಿದೆ.